ಹಡಗು ಯಾವಾಗ ಹೊರಡಬೇಕು ಅಂತ ಹೇಳುವವರು ಯಾರು?

1965ರ ಜೂನ್ 30ಕ್ಕೆ ಭಾರತ ಮತ್ತು ಅಮೆರಿಕದ ನಡುವಿನ ಗೋಧಿ ಒಪ್ಪಂದದ ಅವಧಿ ಮುಗಿಯಿತು. ಹಳೆಯದು ಮುಗಿದರೆ ಹೊಸದಕ್ಕೆ ಸಹಿ ಬೀಳುತ್ತೆ ಅಂತಲೇ ದೆಹಲಿಯಲ್ಲಿ ಲೆಕ್ಕ ಹಾಕಿದ್ದರು. 1956ರಿಂದ ಹಾಗೇ ನಡೆದುಬಂದಿತ್ತು. ಈ ಸಲ ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘಾವಧಿಯ ಒಪ್ಪಂದಕ್ಕೆ ಒಪ್ಪಲಿಲ್ಲ. ಹಾಗಂತ ಗೋಧಿ ಕೊಡುವುದಿಲ್ಲ ಅಂತಲೂ ಹೇಳಲಿಲ್ಲ. ಒಂದೆರಡು ತಿಂಗಳಿಗೆ ಸಾಲುವಷ್ಟು ಮಂಜೂರು ಮಾಡುವುದು. ಅದು ಮುಗಿಯುವ ಹೊತ್ತಿಗೆ ಭಾರತ ಮತ್ತೆ ಬಂದು ಕೇಳುವುದು. ಪ್ರತಿ ಕಂತಿಗೂ ಅಧ್ಯಕ್ಷರೇ ಖುದ್ದಾಗಿ ಕಡತ ನೋಡಿ ಹೂಂ ಅನ್ನುವುದು. ಇದು ಹೊಸ ಪದ್ಧತಿ. ವಾಷಿಂಗ್ಟನ್‌ನ ಅಧಿಕಾರಿಗಳು ಇದನ್ನು 'ಗಿಡ್ಡ ಹಗ್ಗ' ಅಂತಲೇ ಕರೆಯುತ್ತಿದ್ದರು.

ವಿದೇಶಿ ನೆರವು, ಅದರ ಷರತ್ತು ಅಂದ ಕೂಡಲೇ ನಮಗೆ ಕಣ್ಮುಂದೆ ಬರುವುದು ಒಂದು ಕಾಗದ. ಅದರಲ್ಲಿ ಒಂದು, ಎರಡು, ಮೂರು ಅಂತ ಬರೆದ ಕಲಮುಗಳು. 1965, 66ರ ಆ ಎರಡು ವರ್ಷಗಳ ಬಗ್ಗೆ ಓದುತ್ತಾ ಹೋದಂತೆ ನನಗೆ ಬಲವಾಗಿ ಅನಿಸಿದ್ದು ಇಷ್ಟು: ಅತಿ ಭಾರದ ಷರತ್ತು ಯಾವ ಕಾಗದದಲ್ಲೂ ಇರಲಿಲ್ಲ. ಅದು ದಿನಾಂಕದಲ್ಲಿತ್ತು. ಮುಂದಿನ ಹಡಗು ಯಾವಾಗ ಹೊರಡುತ್ತೆ ಅನ್ನೋದು ಕೊಡುವವನಿಗೆ ಮಾತ್ರ ಗೊತ್ತಿತ್ತು.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ಅರ್ಥವಾಗಬೇಕಾದರೆ ಗೋಧಿ ಹೇಗೆ ಬರುತ್ತಿತ್ತು ಅಂತ ನೋಡಬೇಕು. ಮೊದಲು ವಾಷಿಂಗ್ಟನ್‌ನಲ್ಲಿ ಮಂಜೂರಾತಿ ಆಗಬೇಕು. ಆಮೇಲೆ ಖರೀದಿಗೆ ಅನುಮತಿ ಪತ್ರ. ಆಮೇಲೆ ಹಡಗು ಗೊತ್ತು ಮಾಡುವುದು. ಅದರಲ್ಲೂ ಅರ್ಧದಷ್ಟು ಸರಕು ಅಮೆರಿಕದ ಬಾವುಟದ ಹಡಗುಗಳಲ್ಲೇ ಬರಬೇಕು ಅಂತ ಅವರ ಕಾನೂನು. ನಂತರ ವಾರಗಟ್ಟಲೆ ಸಮುದ್ರಯಾನ. ಮುಂಬೈ, ಕಾಂಡ್ಲಾ, ಮದ್ರಾಸ್, ಕಲ್ಕತ್ತಾ ಬಂದರುಗಳಲ್ಲಿ ಇಳಿಸಿ, ಚೀಲ ತುಂಬಿ, ರೈಲು ಹತ್ತಿಸಿ, ಗೋದಾಮಿಗೆ ಸಾಗಿಸಿ, ಅಲ್ಲಿಂದ ರೇಷನ್ ಅಂಗಡಿಗೆ. ಇವತ್ತು ಒಪ್ಪಿಗೆ ಸಿಕ್ಕಿದರೂ ಜನರ ಕೈಗೆ ಕಾಳು ಸಿಗುವುದಕ್ಕೆ ತಿಂಗಳುಗಳು ಬೇಕು. ಹೀಗಿರುವಾಗ ಒಂದೆರಡು ತಿಂಗಳಿಗೆ ಅಂತ ಮಂಜೂರು ಮಾಡಿದರೆ ಏನಾಗುತ್ತೆ? ಯಾವ ರಾಜ್ಯಕ್ಕೆ ಎಷ್ಟು ಕೊಡಬೇಕು, ತಲೆಗೆ ಎಷ್ಟು ಗ್ರಾಂ ಹಂಚಬೇಕು ಅಂತ ಆಹಾರ ಇಲಾಖೆಯವರು ಹೇಗೆ ತೀರ್ಮಾನ ಮಾಡಬೇಕು? ಸಾಗರದ ನಡುವೆ ಇರುವ ಹಡಗುಗಳನ್ನು ಎಣಿಸಿಕೊಂಡು ಕೂರುವುದೇ ಕೆಲಸವಾಯಿತು. ಹಡಗಿನಿಂದ ಇಳಿದದ್ದು ನೇರ ಬಾಯಿಗೆ ಅನ್ನುವ ಸ್ಥಿತಿ.

ಈ ವ್ಯವಹಾರದ ಬುಡ ಇರುವುದು 1954ರಲ್ಲಿ. ಆ ಜುಲೈನಲ್ಲಿ ಐಸೆನ್‌ಹೋವರ್ ಒಂದು ಕಾನೂನಿಗೆ ಸಹಿ ಹಾಕಿದರು. ಅದರ ಕ್ರಮಸಂಖ್ಯೆ 480. ಪಿ.ಎಲ್. 480 ಅನ್ನುವ ಹೆಸರು ಹುಟ್ಟಿದ್ದು ಅಲ್ಲಿಂದ. ಹಸಿದವರ ಮೇಲಿನ ಕರುಣೆ ಒಂದೇ ಇದಕ್ಕೆ ಕಾರಣ ಆಗಿರಲಿಲ್ಲ. ಅಮೆರಿಕದ ರೈತರು ಬೆಳೆದದ್ದನ್ನು ಬೆಂಬಲ ಬೆಲೆ ಕೊಟ್ಟು ಕೊಂಡು ಅಲ್ಲಿನ ಸರ್ಕಾರದ ಗೋದಾಮುಗಳು ತುಂಬಿ ತುಳುಕುತ್ತಿದ್ದವು. ಅದನ್ನು ಎಲ್ಲಾದರೂ ಸಾಗಿಸಬೇಕಿತ್ತು. ಭಾರತಕ್ಕೆ ಬೇಕಿದ್ದದ್ದು ಡಾಲರ್ ಖರ್ಚಿಲ್ಲದೆ ಸಿಗುವ ಕಾಳು. ದುಡ್ಡನ್ನು ರೂಪಾಯಿಯಲ್ಲೇ ಕೊಟ್ಟರೆ ಸಾಕು ಅಂತ ಆಯಿತು. ಆ ರೂಪಾಯಿ ಇಲ್ಲೇ ಅಮೆರಿಕದ ಖಾತೆಯಲ್ಲಿ ಜಮೆ ಆಗುತ್ತಿತ್ತು. ಇಬ್ಬರಿಗೂ ಅನುಕೂಲ. 1960ರ ಮೇನಲ್ಲಿ ಆಹಾರ ಸಚಿವ ಎಸ್.ಕೆ. ಪಾಟೀಲರು ಹೋಗಿ ನಾಲ್ಕು ವರ್ಷಕ್ಕೆ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿಗೆ ಒಪ್ಪಂದ ಮಾಡಿಕೊಂಡು ಬಂದರು. ಅಷ್ಟು ಸಲೀಸಾಗಿ ಸಿಕ್ಕಿದ್ದರಿಂದಲೇ ನಮ್ಮ ಕೃಷಿಗೆ ಕೊಡಬೇಕಾದ ಗಮನ ಕೊಡಲಿಲ್ಲ ಅನ್ನುವ ಟೀಕೆ ಇದೆ. ಅದರಲ್ಲಿ ಸತ್ಯ ಇದೆ ಅಂತಲೇ ನನ್ನ ಅಭಿಪ್ರಾಯ. ಉಕ್ಕಿನ ಕಾರ್ಖಾನೆಗೆ ಸಿಕ್ಕ ಆದ್ಯತೆ ಗೊಬ್ಬರಕ್ಕೆ, ಬೀಜಕ್ಕೆ ಸಿಗಲಿಲ್ಲ.

ಷರತ್ತಿನ ರುಚಿ ಅದಕ್ಕೂ ಮುಂಚೆಯೇ ಸಿಕ್ಕಿತ್ತು. 1951ರಲ್ಲಿ 20 ಲಕ್ಷ ಟನ್ ಧಾನ್ಯ ಕೇಳಿದಾಗ ಅಮೆರಿಕದ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ತಿಂಗಳುಗಟ್ಟಲೆ ಎಳೆದಾಡಿತು. ಕೊರಿಯಾ ಯುದ್ಧದಲ್ಲಿ ನೆಹರೂ ನಿಲುವು ಅಲ್ಲಿನ ಹಲವರಿಗೆ ಹಿಡಿಸಿರಲಿಲ್ಲ. ಬದಲಿಗೆ ಕೇರಳದ ಕಡಲತೀರದ ಮೊನಾಜೈಟ್ ಮರಳು ಕೊಡಲಿ ಅನ್ನುವ ಮಾತೂ ಬಂತು. ಅದರಲ್ಲಿ ಥೋರಿಯಂ ಇರುತ್ತೆ, ಅಣುಶಕ್ತಿಗೆ ಬೇಕಾದ ಸರಕು. ಎಷ್ಟೇ ತುರ್ತಿದ್ದರೂ ದೇಶದ ಸ್ವಾಭಿಮಾನವನ್ನು ಮಾರಿ ಧಾನ್ಯ ತರುವುದಿಲ್ಲ ಅನ್ನುವ ಅರ್ಥದ ಮಾತನ್ನು ನೆಹರೂ ರೇಡಿಯೊದಲ್ಲಿ ಆಡಿದರು. ಕೊನೆಗೆ 19 ಕೋಟಿ ಡಾಲರ್ ಸಾಲದ ರೂಪದಲ್ಲಿ ಧಾನ್ಯ ಬಂತು.

ಈಗ 1965ಕ್ಕೆ ಬರೋಣ. ಆ ವರ್ಷ ಮುಂಗಾರು ಕೈಕೊಟ್ಟಿತು. 1964–65ರಲ್ಲಿ ಸುಮಾರು 8.9 ಕೋಟಿ ಟನ್ ಇದ್ದ ಆಹಾರ ಧಾನ್ಯದ ಉತ್ಪಾದನೆ ಮರುವರ್ಷ 7.2 ಕೋಟಿ ಟನ್ನಿಗೆ ಕುಸಿಯಿತು. ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ. ಅಮೆರಿಕ ಎರಡೂ ದೇಶಗಳಿಗೆ ಹೊಸ ಆರ್ಥಿಕ ನೆರವು ನಿಲ್ಲಿಸಿತು. ಸೋಮವಾರ ಒಂದು ಹೊತ್ತು ಊಟ ಬಿಡಿ ಅಂತ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಜನರನ್ನು ಕೇಳಿಕೊಂಡರು. ಹೋಟೆಲುಗಳು ಆ ಸಂಜೆ ಬಾಗಿಲು ಹಾಕಿದವು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗಲೂ ಹಿರಿಯರು 'ಶಾಸ್ತ್ರಿ ಸೋಮವಾರ' ನೆನೆಸಿಕೊಳ್ಳುತ್ತಾರೆ.

ಆ ಹೊತ್ತಿಗೆ ಆಹಾರ ಮತ್ತು ಕೃಷಿ ಸಚಿವರಾಗಿದ್ದವರು ತಮಿಳುನಾಡಿನ ಸಿ. ಸುಬ್ರಮಣಿಯಂ. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಮನುಷ್ಯ ಇವರೇ. ನವೆಂಬರ್‌ನಲ್ಲಿ ರೋಮ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಮ್ಮೇಳನ ಇತ್ತು. ಅಮೆರಿಕದ ಕೃಷಿ ಸಚಿವ ಆರ್ವಿಲ್ ಫ್ರೀಮನ್ ಕೂಡ ಬಂದಿದ್ದರು. ಇಬ್ಬರೂ ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬಂದರು. ಕೃಷಿಗೆ ಬಂಡವಾಳ ಹೆಚ್ಚಿಸುವುದು, ಗೊಬ್ಬರ ತರಿಸಲು ವಿದೇಶಿ ವಿನಿಮಯ ಎತ್ತಿಡುವುದು, ಗೊಬ್ಬರ ಕಾರ್ಖಾನೆಗೆ ವಿದೇಶಿ ಖಾಸಗಿ ಬಂಡವಾಳವನ್ನು ಬಿಟ್ಟುಕೊಳ್ಳುವುದು, ಹೆಚ್ಚು ಇಳುವರಿಯ ಬೀಜ ಹಂಚುವುದು. ಇವೆಲ್ಲ ಅದರಲ್ಲಿದ್ದವು. ಇದಕ್ಕೆ ಪ್ರತಿಯಾಗಿ ಗೋಧಿ. ಆದರೆ ಇದು ಒಪ್ಪಂದ ಅಂತ ಹೊರಗೆ ಯಾರೂ ಹೇಳಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಸುಬ್ರಮಣಿಯಂ ಸಂಸತ್ತಿನಲ್ಲಿ ಹೊಸ ಕೃಷಿ ನೀತಿ ಮಂಡಿಸಿದರು. ಭಾರತ ಸರ್ಕಾರವೇ ಯೋಚಿಸಿ ರೂಪಿಸಿದ ನೀತಿ ಅಂತ. ಅದಾದ ಕೆಲವೇ ದಿನಕ್ಕೆ ಜಾನ್ಸನ್ 15 ಲಕ್ಷ ಟನ್ ಬಿಡುಗಡೆ ಮಾಡಿದರು.

ಇದನ್ನು ಶರಣಾಗತಿ ಅಂತ ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ನೀತಿಗೆ ಸುಬ್ರಮಣಿಯಂ 1964ರಿಂದಲೇ ಸಂಪುಟದೊಳಗೆ ಹೋರಾಡುತ್ತಿದ್ದರು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಬಿಗಿ ಮುಷ್ಟಿ ಹಿಡಿದಿದ್ದರು. ಯೋಜನಾ ಆಯೋಗಕ್ಕೆ ಅನುಮಾನ. ಎಡಪಕ್ಷಗಳಿಗೆ ವಿದೇಶಿ ಕಂಪನಿಗಳ ಮೇಲೆ ಸಿಟ್ಟು. ಹೊರಗಿನ ಒತ್ತಡವನ್ನು ಸುಬ್ರಮಣಿಯಂ ಒಳಗಿನ ಜಗಳದಲ್ಲಿ ಗೆಲ್ಲಲು ಬಳಸಿಕೊಂಡರು ಅಂತ ಓದುವುದೇ ಸರಿ. ರಾಜತಾಂತ್ರಿಕ ಮಾತುಕತೆಯಲ್ಲಿ ಹೀಗಾಗುವುದು ಅಪರೂಪ ಏನಲ್ಲ. ಮೇಜಿನ ಆ ಕಡೆ ಕೂತವನು ಹಾಕುವ ಷರತ್ತು, ಈ ಕಡೆ ಕೂತವನು ತಾನೇ ಮಾಡಬೇಕು ಅಂದುಕೊಂಡಿದ್ದ ಕೆಲಸವೇ ಆಗಿರುತ್ತೆ. ಅಂಥ ಷರತ್ತು ಮಾತ್ರ ಬೇರು ಬಿಡುತ್ತೆ. ದೆಹಲಿಯ ತಮ್ಮ ಸರ್ಕಾರಿ ಬಂಗಲೆಯ ಹುಲ್ಲುಹಾಸನ್ನು ಉಳುಮೆ ಮಾಡಿಸಿ ಅಲ್ಲಿ ಹೊಸ ಗೋಧಿ ತಳಿ ಬಿತ್ತಿದ ಮನುಷ್ಯ ಇವರು. ಯಾರದೋ ಬಲವಂತಕ್ಕೆ ಯಾರಾದರೂ ಹಾಗೆ ಮಾಡ್ತಾರಾ? 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತರಿಸಿದರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಬೀಜ ಸಾಗಿಸಿದ್ದು ಆಗ ಜಗತ್ತಿನಲ್ಲೇ ದೊಡ್ಡ ಸುದ್ದಿ.

ಎರಡನೆಯ ಷರತ್ತಿನ ಕಥೆ ಬೇರೆ. ವಿಶ್ವಬ್ಯಾಂಕ್ ಕಳಿಸಿದ ಬರ್ನಾರ್ಡ್ ಬೆಲ್ ತಂಡ ರೂಪಾಯಿಯ ಅಪಮೌಲ್ಯ ಆಗಬೇಕು ಅಂತ ವರದಿ ಕೊಟ್ಟಿತ್ತು. ನೆರವು ಕೊಡುವ ದೇಶಗಳ ಕೂಟವೂ ಅದನ್ನೇ ಹಿಡಿದು ಕೂತಿತು. ಕೃಷ್ಣಮಾಚಾರಿ ಇದನ್ನು ಸುತರಾಂ ಒಪ್ಪುವವರಲ್ಲ. ಅವರು 1965ರ ಕೊನೆಗೆ ರಾಜೀನಾಮೆ ಕೊಟ್ಟರು. 1966ರ ಜನವರಿಯಲ್ಲಿ ಶಾಸ್ತ್ರಿ ತಾಷ್ಕೆಂಟ್‌ನಲ್ಲಿ ತೀರಿಹೋದರು. ಇಂದಿರಾ ಗಾಂಧಿ ಪ್ರಧಾನಿಯಾದರು. ಮಾರ್ಚ್ ಕೊನೆಗೆ ವಾಷಿಂಗ್ಟನ್‌ಗೆ ಹೋದರು. ಜಾನ್ಸನ್ ಅದ್ದೂರಿಯಾಗಿ ಬರಮಾಡಿಕೊಂಡರು. 35 ಲಕ್ಷ ಟನ್ ಧಾನ್ಯಕ್ಕೆ ಅಲ್ಲಿನ ಕಾಂಗ್ರೆಸ್ಸಿನ ಬೆಂಬಲ ಕೇಳಿದರು. ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ 7.50 ಆಯಿತು.

ಇಲ್ಲಿ ಕಾಂಗ್ರೆಸ್ ಪಕ್ಷದ ಅಧ್ಯಕ್ಷ ಕಾಮರಾಜರಿಗೆ ಕೆಂಡದಂಥ ಕೋಪ. ಸಂಸತ್ತಿನಲ್ಲಿ ಗದ್ದಲ. ಪ್ರತಿಯಾಗಿ ಮೊದಲ ವರ್ಷಕ್ಕೆ 90 ಕೋಟಿ ಡಾಲರ್ ನೆರವಿನ ಮಾತಾಗಿತ್ತು. ಆಮೇಲಿನ ವರ್ಷಗಳಲ್ಲಿ ಅಷ್ಟು ಬರಲಿಲ್ಲ. ಅಪಮೌಲ್ಯ ತಪ್ಪೋ ಸರಿಯೋ ಅಂತ ಅರ್ಥಶಾಸ್ತ್ರಜ್ಞರು ಇನ್ನೂ ವಾದ ಮಾಡುತ್ತಾರೆ. ನನಗೆ ಮುಖ್ಯ ಅನಿಸುವುದು ಬೇರೆ. ಅದು ನಮ್ಮ ತೀರ್ಮಾನ ಅಂತ ದೇಶದಲ್ಲಿ ಯಾರಿಗೂ ಅನಿಸಲಿಲ್ಲ. ಕೃಷಿ ನೀತಿಗೆ ಒಬ್ಬ ಸುಬ್ರಮಣಿಯಂ ಇದ್ದರು. ಅಪಮೌಲ್ಯವನ್ನು ಜನರ ಮುಂದೆ ತನ್ನದು ಅಂತ ಎತ್ತಿ ಹಿಡಿಯುವ ಬಲವಾದ ದನಿ ಇರಲಿಲ್ಲ. ಅದರ ಕಹಿ ನೆನಪಿನಿಂದಾಗಿ ಮುಂದಿನ ಇಪ್ಪತ್ತೈದು ವರ್ಷ ಯಾವ ಸರ್ಕಾರವೂ ಆ ಶಬ್ದ ಎತ್ತುವ ಧೈರ್ಯ ಮಾಡಲಿಲ್ಲ.

ಮೂರನೆಯದು ವಿಯೆಟ್ನಾಂ. ಉತ್ತರ ವಿಯೆಟ್ನಾಂ ಮೇಲೆ ಬಾಂಬ್ ಹಾಕುವುದನ್ನು ನಿಲ್ಲಿಸಬೇಕು ಅಂತ ಭಾರತ ಹೇಳುತ್ತಲೇ ಬಂದಿತ್ತು. 1966ರ ಜುಲೈನಲ್ಲಿ ಇಂದಿರಾ ಮಾಸ್ಕೋಗೆ ಹೋದಾಗ ಸೋವಿಯತ್ ನಾಯಕರ ಜೊತೆಗಿನ ಜಂಟಿ ಹೇಳಿಕೆಯಲ್ಲೂ ಅದು ಬಂತು. ಭಾಷೆ ಸ್ವಲ್ಪ ಖಾರವಾಗಿಯೇ ಇತ್ತು. ಜಾನ್ಸನ್ ಕುದಿದುಹೋದರು. ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಚೆಸ್ಟರ್ ಬೌಲ್ಸ್ ಆಮೇಲೆ ನೆನಪಿಸಿಕೊಂಡ ಒಂದು ಪ್ರಸಂಗ ಇದೆ. ಪೋಪ್ ಮತ್ತು ವಿಶ್ವಸಂಸ್ಥೆಯ ಮುಖ್ಯಸ್ಥ ಊ ಥಾಂಟ್ ಹೇಳುತ್ತಿರುವುದನ್ನೇ ಭಾರತವೂ ಹೇಳುತ್ತಿದೆ ಅಂತ ಅವರು ತಮ್ಮ ಸರ್ಕಾರಕ್ಕೆ ಸಮಜಾಯಿಷಿ ಕೊಟ್ಟರಂತೆ. ಬಂದ ಉತ್ತರ: ಪೋಪ್‌ಗೂ ಊ ಥಾಂಟ್‌ಗೂ ನಮ್ಮ ಗೋಧಿ ಬೇಕಿಲ್ಲ.

ಆ ಒಂದು ಸಾಲಿನಲ್ಲಿ ನೆರವಿನ ರಾಜಕೀಯ ಪೂರ್ತಿ ಇದೆ. ವಿಯೆಟ್ನಾಂ ಬಗ್ಗೆ ಸುಮ್ಮನಿರಬೇಕು ಅಂತ ಯಾವ ಒಪ್ಪಂದದಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಭಾರತ ಅದನ್ನು ಓದಿ, ಆಗಲ್ಲ ಅನ್ನಬಹುದಿತ್ತು. ಬರೆಯದ ಷರತ್ತಿಗೆ ಏನಂತ ಉತ್ತರ ಕೊಡುವುದು?

ಆ ವರ್ಷ ಮಳೆ ಮತ್ತೆ ಕೈಕೊಟ್ಟಿತು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿಹಾರಕ್ಕೆ ಬರಬೇಕಿದ್ದ ಮಳೆ ಬರಲಿಲ್ಲ. ಗದ್ದೆಯಲ್ಲೇ ಭತ್ತ ಒಣಗಿತು. ಅಮೆರಿಕದ ಮಂತ್ರಿಗಳು, ಸಲಹೆಗಾರರು, ರಾಯಭಾರಿ ಎಲ್ಲರೂ ಗೋಧಿ ಬಿಡಿ ಅಂತ ಅಧ್ಯಕ್ಷರ ಹಿಂದೆ ಬಿದ್ದರು. ಜಾನ್ಸನ್ ಅಲುಗಾಡಲಿಲ್ಲ. ಬೇರೆ ಶ್ರೀಮಂತ ದೇಶಗಳೂ ಕೊಡಲಿ, ಭಾರತ ನಿಜವಾಗಿ ಕೃಷಿ ಸುಧಾರಿಸುತ್ತಿದೆಯಾ ನೋಡೋಣ, ನಮ್ಮ ಕಾಂಗ್ರೆಸ್ಸಿನವರು ಹೋಗಿ ಕಣ್ಣಾರೆ ಕಂಡು ಬರಲಿ ಅಂತ ಕಾಯಿಸಿದರು. ಡಿಸೆಂಬರ್ ಕೊನೆಗೆ 9 ಲಕ್ಷ ಟನ್ ಬಿಡುಗಡೆಯಾಯಿತು. ಆ ದಿನಗಳಲ್ಲಿ ಭಾರತದ ಯಾವ ಭಾಗದಲ್ಲಿ ಎಷ್ಟು ಮಳೆಯಾಯಿತು ಅನ್ನುವುದನ್ನೂ ಜಾನ್ಸನ್ ದಿನಾ ನೋಡುತ್ತಿದ್ದರಂತೆ. ಹಸಿವಿನ ಬಗ್ಗೆ ಕಾಳಜಿ ಇಲ್ಲದ ಮನುಷ್ಯ ಅಂತ ನಾನು ಹೇಳಲಾರೆ. ಬಡತನ ಕಂಡು ಬೆಳೆದವರು, ತಮ್ಮ ದೇಶದ ಬಡವರಿಗಾಗಿ ದೊಡ್ಡ ಕಾನೂನುಗಳನ್ನು ತಂದವರು. ಇನ್ನೊಂದು ದೇಶದ ಊಟದ ತಟ್ಟೆಯ ಲೆಕ್ಕ ತನ್ನ ಮೇಜಿನ ಮೇಲೇ ಇರಬೇಕು ಅನ್ನುವ ಹಟ ಮಾತ್ರ ಅವರನ್ನು ಬಿಡಲಿಲ್ಲ.

ಪ್ರಧಾನಿ ಕಚೇರಿಯಲ್ಲಿ ಆಗ ಒಬ್ಬ ಕನ್ನಡಿಗರಿದ್ದರು, ಎಚ್.ವೈ. ಶಾರದಾ ಪ್ರಸಾದ್. ಜಾನ್ಸನ್ ಜೊತೆ ಇಂದಿರಾ ಫೋನಿನಲ್ಲಿ ಮಾತಾಡಿದ್ದನ್ನು ಅವರು ಹತ್ತಿರದಿಂದ ಕಂಡು ಮುಂದೆ ಹೇಳಿದ್ದಾರೆ. ಫೋನಿನಲ್ಲಿ ಇಂದಿರಾ ಮೃದುವಾಗಿ, ನಯವಾಗಿ ಮಾತಾಡಿದರು. ಫೋನ್ ಇಟ್ಟ ಮೇಲೆ ಸಿಟ್ಟು ಹೊರಗೆ ಬಂತು. ಇನ್ನು ಯಾವತ್ತೂ ನಾವು ಅನ್ನಕ್ಕಾಗಿ ಬೇಡುವ ಸ್ಥಿತಿ ಬರಬಾರದು ಅನ್ನುವ ಅರ್ಥದ ಮಾತಾಡಿದರು. ಹಸಿರು ಕ್ರಾಂತಿಗೆ ಸಿಕ್ಕ ರಾಜಕೀಯ ಬಲದಲ್ಲಿ ಆ ಸಿಟ್ಟಿನ ಪಾಲು ದೊಡ್ಡದು ಅಂತ ನಾನು ನಂಬುತ್ತೇನೆ.

ಹಾಗಾದರೆ ಗಿಡ್ಡ ಹಗ್ಗ ಕೆಲಸ ಮಾಡಿತು ಅನ್ನಬೇಕಾ? ಜಾನ್ಸನ್ ಪರ ಬರೆಯುವವರು ಹಾಗೇ ಹೇಳುತ್ತಾರೆ. ಒತ್ತಡ ಹಾಕಿದರು, ಭಾರತ ಎದ್ದು ನಿಂತಿತು ಅಂತ. 1967–68ರಲ್ಲಿ ಧಾನ್ಯದ ಉತ್ಪಾದನೆ 9.5 ಕೋಟಿ ಟನ್ನಿಗೆ ಏರಿದ್ದು ನಿಜ. ಆದರೆ ರೋಮ್‌ನಲ್ಲಿ ಆದ ಮಾತನ್ನು ಭಾರತ ಆಗಲೇ ಪಾಲಿಸುತ್ತಿತ್ತು. ಬೀಜದ ಹಡಗು ಬಂದಿತ್ತು, ಗೊಬ್ಬರಕ್ಕೆ ದುಡ್ಡು ತೆಗೆದಿಟ್ಟಿತ್ತು. 1966ರ ಕೊನೆಗೆ ಹಗ್ಗ ಬಿಗಿದದ್ದರಿಂದ ಕೃಷಿಗೆ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ. ಷರತ್ತು ಹಾಕುವುದೇ ತಪ್ಪು ಅಂತ ನನಗೆ ಅನಿಸುವುದಿಲ್ಲ. ಅಲ್ಲಿನ ತೆರಿಗೆದಾರರ ದುಡ್ಡು, ಅದರ ಲೆಕ್ಕ ಕೇಳುವ ಹಕ್ಕು ಅವರಿಗಿದೆ. ಒಪ್ಪಿದ ಮಾತನ್ನು ಎದುರಿನವನು ನಡೆಸಿಕೊಟ್ಟ ಮೇಲೂ ಹಗ್ಗ ಸಡಿಲ ಮಾಡದೆ, ಬೇರೆ ಯಾವುದೋ ಮಾತಿಗೆ ಶಿಕ್ಷೆ ಅನ್ನುವ ಅನುಮಾನ ಹುಟ್ಟುವ ಹಾಗೆ ನಡೆದುಕೊಂಡರಲ್ಲ, ಅದು ತಪ್ಪು.

ಇದರ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಅನ್ಯಾಯ ಆಗುತ್ತೆ. 1966ರಲ್ಲಿ ಭಾರತಕ್ಕೆ ಹೊರಗಿನಿಂದ ಬಂದ ಧಾನ್ಯ ಒಂದು ಕೋಟಿ ಟನ್ ಆಸುಪಾಸು. ಅದರ ಬಹುಪಾಲು ಅಮೆರಿಕದ್ದೇ. ಬಿಹಾರದಲ್ಲಿ ಜಯಪ್ರಕಾಶ್ ನಾರಾಯಣ್ ಮುಂದೆ ನಿಂತು ಪರಿಹಾರ ನಡೆಸಿದರು, ಆದರೆ ಗಂಜಿಗೆ ಬಿದ್ದ ಕಾಳಿನಲ್ಲಿ ಬಹಳಷ್ಟು ಸಮುದ್ರ ದಾಟಿ ಬಂದದ್ದು. 1943ರ ಬಂಗಾಳದ ಕ್ಷಾಮ ಮರುಕಳಿಸಲಿಲ್ಲ. ನಮ್ಮ ಆಗಿನ ಮೈಸೂರು ರಾಜ್ಯದ ಶಾಲೆಗಳಲ್ಲೂ ಅಮೆರಿಕದ ನೆರವು ಸಂಸ್ಥೆ ಕೇರ್ ಕೊಟ್ಟ ಉಪ್ಪಿಟ್ಟು, ಹಾಲಿನ ಪುಡಿ ಬಂದವು. ನಮ್ಮಮ್ಮ ಆ ಹಳದಿ ಉಪ್ಪಿಟ್ಟನ್ನು ತಿಂದು ಬೆಳೆದವರು. ಒಗ್ಗರಣೆ ಅಂತ ಹೇಳುವಂಥದ್ದೇನೂ ಇರುತ್ತಿರಲಿಲ್ಲ, ಆದರೂ ಬಿಸಿಬಿಸಿ ಇರುತ್ತಿತ್ತು, ಹೊಟ್ಟೆ ತುಂಬುತ್ತಿತ್ತು ಅಂತಾರೆ. ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರ, ಕೆಳಗೆ ಇಂಗ್ಲಿಷ್‌ನಲ್ಲಿ ಅಮೆರಿಕದ ಜನ ಕೊಟ್ಟದ್ದು, ಮಾರಬಾರದು ಅನ್ನುವ ಸಾಲು. ಖಾಲಿಯಾದ ಚೀಲವನ್ನು ಬಿಚ್ಚಿ ಒಗೆದು ದಿಂಬಿಗೆ ಹಾಕುತ್ತಿದ್ದರಂತೆ. ಎಷ್ಟು ಒಗೆದರೂ ಆ ಕೈಗಳ ಚಿತ್ರ ಹೋಗುತ್ತಿರಲಿಲ್ಲ. ಅಮ್ಮನಿಗೆ ಜಾನ್ಸನ್ ಯಾರು ಅಂತ ಗೊತ್ತಿರಲಿಲ್ಲ. ಉಪ್ಪಿಟ್ಟು ಕೊಟ್ಟವರ ಬಗ್ಗೆ ಇವತ್ತಿಗೂ ಒಳ್ಳೆಯ ಮಾತೇ ಆಡುತ್ತಾರೆ. ಅವರ ಕೃತಜ್ಞತೆಯೂ ಇಂದಿರಾ ಅವರ ಸಿಟ್ಟೂ ನನಗೆ ಒಟ್ಟಿಗೇ ನಿಜ.

ಮುಂದಿನದು ಬೇಗ ನಡೆದುಹೋಯಿತು. 1967ರ ಚುನಾವಣೆಯಲ್ಲಿ ಕಾಂಗ್ರೆಸ್ ಹಲವು ರಾಜ್ಯಗಳಲ್ಲಿ ನೆಲಕಚ್ಚಿತು. ಸುಬ್ರಮಣಿಯಂ ಕೂಡ ಸೋತರು. ತಾವು ತರಿಸಿದ ಬೀಜದ ಭಾರಿ ಫಸಲು ಕಣಕ್ಕೆ ಬಂದಾಗ ಅವರು ಮಂತ್ರಿಯಾಗಿರಲಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಅಮೆರಿಕ ನೆರವು ನಿಲ್ಲಿಸಿದಾಗ ಭಾರತಕ್ಕೆ ಮೊದಲಿನಷ್ಟು ನೋವಾಗಲಿಲ್ಲ. ಗೋಧಿಗಾಗಿ ಕೊಟ್ಟ ರೂಪಾಯಿ ರಾಶಿ ಇನ್ನೂ ಅಮೆರಿಕದ ಹೆಸರಲ್ಲಿ ಇಲ್ಲೇ ಬಿದ್ದಿತ್ತು. 1974ರ ಫೆಬ್ರುವರಿಯಲ್ಲಿ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ ಬರೆದು ಭಾರತಕ್ಕೆ ವಾಪಸ್ ಕೊಟ್ಟರು. ಆ ರೂಪಾಯಿಯಲ್ಲೇ ಸ್ವಲ್ಪ ಪಾಲು ಇನ್ನೊಂದು ಕೆಲಸಕ್ಕೆ ಹೋಗಿತ್ತು. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ದುಡ್ಡಿನಲ್ಲಿ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಕನ್ನಡದ ಪುಸ್ತಕಗಳೂ ಅದರಲ್ಲಿದ್ದವು. ಅಲ್ಲಿ ಓದಲು ಹೋದ ಕನ್ನಡದ ಹುಡುಗರಿಗೆ ಆ ಕಪಾಟುಗಳಲ್ಲಿ ನಮ್ಮ ಕಾದಂಬರಿ ಸಿಕ್ಕರೆ, ಅದು ಒಂದು ಕಾಲಕ್ಕೆ ನಮ್ಮ ರೇಷನ್ ಅಂಗಡಿಯಲ್ಲಿ ಗೋಧಿಗೆ ಎಣಿಸಿಕೊಟ್ಟ ದುಡ್ಡಿನಿಂದ ಕೊಂಡದ್ದೂ ಇರಬಹುದು.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಇವತ್ತು ನಾವು ಮೇಜಿನ ಆ ಕಡೆಗೂ ಹೋಗಿ ಕೂತಿದ್ದೇವೆ. 2023ರ ಜುಲೈನಲ್ಲಿ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ನಮ್ಮ ಪಾಲು ಸುಮಾರು 40 ಶೇಕಡಾ. ಆಮೇಲೆ ಭೂತಾನ್, ಮಾರಿಷಸ್, ಸಿಂಗಪುರದಂಥ ದೇಶಗಳು ಕೇಳಿಕೊಂಡಾಗ ಇಂತಿಷ್ಟು ಟನ್ ಅಂತ ಒಂದೊಂದು ದೇಶಕ್ಕೂ ಬೇರೆ ಬೇರೆಯಾಗಿ ಅನುಮತಿ ಕೊಟ್ಟೆವು. ಅದು ನೆರವಲ್ಲ, ವ್ಯಾಪಾರ. ಆದರೂ ಯಾವ ದೇಶಕ್ಕೆ, ಎಷ್ಟು, ಯಾವಾಗ ಅನ್ನುವ ತೀರ್ಮಾನ ದೆಹಲಿಯ ಒಂದು ಕಡತದಲ್ಲಿತ್ತು. ಕಾಯುತ್ತಿದ್ದ ದೇಶಗಳ ಆಹಾರ ಇಲಾಖೆಗಳಲ್ಲಿ ಯಾರು ಯಾವ ಹಡಗು ಎಣಿಸುತ್ತಿದ್ದರೋ.

ಅದಕ್ಕೂ ಒಂದು ವರ್ಷ ಮುಂಚೆ, 2022ರಲ್ಲಿ, ಶ್ರೀಲಂಕಾ ದಿವಾಳಿಯಾಗಿ ಪೆಟ್ರೋಲಿಗೆ, ಔಷಧಿಗೆ ಜನ ಸಾಲುಗಟ್ಟಿದಾಗ ಭಾರತ ಸುಮಾರು 400 ಕೋಟಿ ಡಾಲರ್‌ನಷ್ಟು ಆಸರೆ ಕೊಟ್ಟಿತು. ಅದೇ ಆಗಸ್ಟ್‌ನಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಹಂಬನ್‌ತೋಟ ಬಂದರಿಗೆ ಬಂತು. ಭಾರತಕ್ಕೆ ಅದು ಇಷ್ಟವಿರಲಿಲ್ಲ, ಶ್ರೀಲಂಕಾ ಮೊದಲು ತಡೆದು ಆಮೇಲೆ ಒಪ್ಪಿತು. ನಮ್ಮ ಅಕ್ಕಿ ತಿಂದು ಅವರ ಹಡಗಿಗೆ ಜಾಗ ಕೊಡ್ತಾರಾ, ಕೊಟ್ಟದ್ದನ್ನೆಲ್ಲ ನಿಲ್ಲಿಸಿ ಅಂತ ಆಗ ನಮ್ಮ ಜನ ಆಡಿದ ಮಾತು ನನ್ನ ಫೋನಿಗೂ ಬಂದಿತ್ತು. ನನಗೆ ಕೂಡಲೇ ನೆನಪಾದದ್ದು ಪೋಪ್‌ಗೆ ನಮ್ಮ ಗೋಧಿ ಬೇಕಿಲ್ಲ ಅನ್ನುವ ಆ ಉತ್ತರ. ಹಗ್ಗ ನಮ್ಮ ಕೈಗೆ ಬಂದ ಕೂಡಲೇ ನಮ್ಮ ಬಾಯಲ್ಲೂ ಅದೇ ಮಾತು ಬಂತಲ್ಲ ಅಂತ ಬೇಸರವಾಯಿತು. ಭಾರತ ಸರ್ಕಾರ ಹಾಗೆ ಮಾಡಲಿಲ್ಲ ಅನ್ನುವುದು ನನಗೆ ಹೆಮ್ಮೆಯ ವಿಷಯ. ಐಎಂಎಫ್ ಸಾಲ ಸಿಗಬೇಕಾದರೆ ಶ್ರೀಲಂಕಾಗೆ ಸಾಲ ಕೊಟ್ಟ ದೇಶಗಳು ಹಳೆಯ ಸಾಲದ ಹೊರೆ ಇಳಿಸಲು ಸಹಕರಿಸುತ್ತೇವೆ ಅಂತ ಲಿಖಿತ ಭರವಸೆ ಕೊಡಬೇಕಿತ್ತು. ಆ ಹಡಗು ಬಂದುಹೋದ ಐದು ತಿಂಗಳಿಗೆ, 2023ರ ಜನವರಿಯಲ್ಲಿ, ಎಲ್ಲರಿಗಿಂತ ಮೊದಲು ಅದನ್ನು ಬರೆದುಕೊಟ್ಟದ್ದು ಭಾರತ.